ಹಳೆಯ ಡೆಸ್ಕ್‌ಟಾಪ್‌ನಲ್ಲಿ ಎಚ್‌ಡಿ ಸಿನಿಮಾ ತಡವರಿಸುತ್ತಿದ್ದರೆ: ದೋಷ ಪತ್ತೆ ಮತ್ತು ಪರಿಹಾರ

ಮೂಲೆ ಸೇರಿದ್ದ ಡೆಸ್ಕ್‌ಟಾಪನ್ನು ಟಿವಿಗೆ ಜೋಡಿಸಿ ಸಿನಿಮಾ ಹಾಕಿದಾಗ ಚಿತ್ರ ನಿಂತು ನಿಂತು ಓಡಿದರೆ, ಬಹಳಷ್ಟು ಜನ ಮೊದಲು ಮಾಡುವ ಕೆಲಸ ರ‍್ಯಾಮ್ ಹೆಚ್ಚಿಸುವುದು, ಇಲ್ಲವೇ ಎಸ್‌ಎಸ್‌ಡಿ ಹಾಕಿಸುವುದು. ಕಂಪ್ಯೂಟರ್ ಬೇಗ ಆನ್ ಆಗುತ್ತದೆ, ಸಿನಿಮಾ ಮಾತ್ರ ಮೊದಲಿನಂತೆಯೇ ಮುಗ್ಗರಿಸುತ್ತದೆ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಬ್ಲೂ-ರೇ ಡಿಸ್ಕಿನಲ್ಲಿ ವಿಡಿಯೊದ ಗರಿಷ್ಠ ವೇಗ ಸೆಕೆಂಡಿಗೆ 40 ಮೆಗಾಬಿಟ್, ಅಂದರೆ 5 ಎಂಬಿ. ಹದಿನೈದು ವರ್ಷ ಹಳೆಯ ಸಾಟಾ ಹಾರ್ಡ್ ಡಿಸ್ಕ್ ಕೂಡ ಆರೋಗ್ಯವಾಗಿದ್ದರೆ ಅದರ ಹತ್ತು ಪಟ್ಟು ವೇಗದಲ್ಲಿ ಓದುತ್ತದೆ. ಸಿನಿಮಾ ಆಡುವ ಕಂಪ್ಯೂಟರಿಗೆ 4 ಜಿಬಿ ರ‍್ಯಾಮ್ ಸಾಕು. ಕಷ್ಟ ಇರುವುದು ಆ 5 ಎಂಬಿಯನ್ನು ಬಿಡಿಸಿ, ಸೆಕೆಂಡಿಗೆ 24 ಪೂರ್ಣ ಚಿತ್ರಗಳನ್ನಾಗಿ (ಫ್ರೇಮ್) ಮಾಡಿ, ಒಂದೊಂದನ್ನೂ ಸುಮಾರು 42 ಮಿಲಿಸೆಕೆಂಡಿನೊಳಗೆ ಪರದೆಗೆ ತಲುಪಿಸುವುದರಲ್ಲಿ.

ಹಾಗಾಗಿ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ನಾಲ್ಕು ಹಂತಗಳಲ್ಲಿ ಯಾವುದು ಸೋಲುತ್ತಿದೆ ಎಂದು ಗೊತ್ತುಮಾಡಿಕೊಳ್ಳಬೇಕು: ಫೈಲ್ ಓದುವುದು, ಡಿಕೋಡ್ ಮಾಡುವುದು (ಅದುಮಿಟ್ಟ ವಿಡಿಯೊವನ್ನು ಚಿತ್ರಗಳಾಗಿ ಬಿಡಿಸುವುದು), ಪರದೆಗೆ ಕಳಿಸುವುದು, ಧ್ವನಿಯನ್ನು ಜೊತೆಗೂಡಿಸುವುದು. ತಡವರಿಕೆ ಯಾವ ಲಯದಲ್ಲಿದೆ ಎಂಬುದೇ ಅರ್ಧ ಉತ್ತರ ಕೊಡುತ್ತದೆ. ಗಡಿಬಿಡಿಯ ದೃಶ್ಯಗಳಲ್ಲಷ್ಟೇ ಮುಗ್ಗರಿಸಿ ಮಾತುಕತೆಯ ದೃಶ್ಯಗಳಲ್ಲಿ ಸರಿಹೋದರೆ ಡಿಕೋಡಿಂಗ್ ಕಡೆ ನೋಡಿ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಒಂದೇ ಸಮನಾಗಿ ಜರ್ಕ್ ಕಂಡರೆ ಟಿವಿಯ ರಿಫ್ರೆಶ್ ದರ (ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಮೂಡುತ್ತದೆ ಎಂಬುದು). ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಕೆಟ್ಟರೆ ಬಿಸಿ. ಗೊತ್ತುಗುರಿಯಿಲ್ಲದೆ ಒಂದೆರಡು ಸೆಕೆಂಡು ಪೂರ್ತಿ ಸ್ತಬ್ಧವಾಗಿ ಮತ್ತೆ ಶುರುವಾದರೆ ಡಿಸ್ಕ್ ಅಥವಾ ವೈ-ಫೈ.

ಮೊದಲು ಅಳತೆ

ಫೈಲಿನ ಹೆಸರಿನ ಕೊನೆಯಲ್ಲಿ ಎಂಕೆವಿ, ಎಂಪಿ4 ಎಂದಿರುವುದರಿಂದ ಏನೂ ತಿಳಿಯುವುದಿಲ್ಲ. ಅದು ಬರೀ ಡಬ್ಬಿ. ಒಳಗೇನಿದೆ ಎಂದು ನೋಡಲು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆಯಿರಿ. ಅದರಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು ಇಷ್ಟು: ಕೋಡೆಕ್, ಅಂದರೆ ವಿಡಿಯೊ ಅದುಮಿದ ವಿಧಾನ (ಎಂಪೆಗ್-2, ಎಚ್.264, ಎಚ್‌ಇವಿಸಿ, ವಿಪಿ9, ಎವಿ1), ಪ್ರೊಫೈಲ್ ಮತ್ತು ಲೆವೆಲ್ (ಆ ವಿಧಾನದ ಬಗೆ ಮತ್ತು ಕ್ಲಿಷ್ಟತೆಯ ಮಟ್ಟ), ಬಿಟ್ ಆಳ (ಬಣ್ಣದ ಸೂಕ್ಷ್ಮತೆ) 8 ಅಥವಾ 10, ರೆಫರೆನ್ಸ್ ಫ್ರೇಮ್‌ಗಳ (ಒಂದು ಚಿತ್ರ ಬಿಡಿಸಲು ನೆನಪಿಟ್ಟುಕೊಳ್ಳಬೇಕಾದ ಬೇರೆ ಚಿತ್ರಗಳ) ಸಂಖ್ಯೆ, ಫ್ರೇಮ್ ದರ, ಸ್ಕ್ಯಾನ್ ಬಗೆ, ಆಡಿಯೊ ಯಾವುದು, ಎಷ್ಟು ಚಾನೆಲ್.

ಪರೀಕ್ಷೆಗೆ ಆರಿಸುವ ದೃಶ್ಯ ಕಷ್ಟದ್ದೇ ಆಗಿರಲಿ. ಮಳೆ, ಅಲೆ, ಓಡುವ ಜನಜಂಗುಳಿ, ಗಾಳಿಗೆ ಅಲುಗುವ ಎಲೆಗಳು ಇದ್ದಲ್ಲಿ ಬಿಟ್‌ರೇಟ್ (ಸೆಕೆಂಡಿಗೆ ಬೇಕಾಗುವ ದತ್ತಾಂಶ) ಏರುತ್ತದೆ. ಕತ್ತಲ ಕೋಣೆಯಲ್ಲಿ ಇಬ್ಬರು ಮಾತಾಡುವ ದೃಶ್ಯವನ್ನು ಯಾವ ಹಳೆಯ ಯಂತ್ರವೂ ಓಡಿಸುತ್ತದೆ, ಅದನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಅದೇ ದೃಶ್ಯದ ಎರಡು ನಿಮಿಷವನ್ನು 720ಪಿ ಎಚ್.264, 1080ಪಿ ಎಚ್.264, 1080ಪಿ ಎಚ್‌ಇವಿಸಿ ಎಂದು ಮೂರು ಪ್ರತಿ ಮಾಡಿಟ್ಟುಕೊಂಡರೆ ಮುಂದಿನ ಕೆಲಸವೆಲ್ಲ ಹಗುರ. ಮೊದಲನೆಯದೂ ಮುಗ್ಗರಿಸಿದರೆ ದೋಷ ಬಹುತೇಕ ಡಿಕೋಡಿಂಗಿನಲ್ಲಿಲ್ಲ. ಮೂರನೆಯದು ಮಾತ್ರ ಮುಗ್ಗರಿಸಿದರೆ ಹಾರ್ಡ್‌ವೇರಿಗೆ ಎಚ್‌ಇವಿಸಿ ಬರುವುದಿಲ್ಲ ಎಂದೇ ಅರ್ಥ.

ಇನ್ನು ಫ್ರೇಮ್ ಎಲ್ಲಿ ಬೀಳುತ್ತಿದೆ ಎಂಬುದು. ಎಂಪಿವಿ ಪ್ಲೇಯರ್‌ನಲ್ಲಿ ಸಿನಿಮಾ ಓಡುವಾಗ ‘ಐ’ ಕೀ ಒತ್ತಿದರೆ ಅಂಕಿಅಂಶ ಬರುತ್ತದೆ; ಶಿಫ್ಟ್ ಜೊತೆ ಒತ್ತಿದರೆ ಅದು ಪರದೆಯ ಮೇಲೇ ಉಳಿಯುತ್ತದೆ. ಬಿಟ್ಟುಹೋದ ಫ್ರೇಮ್‌ಗಳನ್ನು ಅದು ಎರಡಾಗಿ ವಿಂಗಡಿಸಿ ಹೇಳುತ್ತದೆ: ಡಿಕೋಡರ್‌ನಲ್ಲಿ ಬಿದ್ದವು, ಔಟ್‌ಪುಟ್‌ನಲ್ಲಿ ಬಿದ್ದವು. ಈ ಎರಡು ಅಂಕಿಗಳಷ್ಟು ಉಪಯುಕ್ತವಾದದ್ದು ಇಡೀ ಪರೀಕ್ಷೆಯಲ್ಲಿ ಬೇರೊಂದಿಲ್ಲ. ಮೊದಲನೆಯದು ಏರುತ್ತಿದ್ದರೆ ಪ್ರೊಸೆಸರ್ ಅಥವಾ ಹಾರ್ಡ್‌ವೇರ್ ಡಿಕೋಡರ್ ಸಾಲದು. ಎರಡನೆಯದು ಏರುತ್ತಿದ್ದರೆ ಡಿಕೋಡ್ ಆಗಿದೆ, ಪರದೆಗೆ ಸಮಯಕ್ಕೆ ತಲುಪುತ್ತಿಲ್ಲ. ಎರಡೂ ಸೊನ್ನೆ, ಆದರೂ ಕಣ್ಣಿಗೆ ಜರ್ಕ್ ಕಾಣುತ್ತಿದೆ ಎಂದರೆ ರಿಫ್ರೆಶ್ ದರದ ಹೊಂದಾಣಿಕೆ ತಪ್ಪಿದೆ. ವಿಎಲ್‌ಸಿಯಲ್ಲಾದರೆ ಟೂಲ್ಸ್ ಮೆನುವಿನ ಮೀಡಿಯಾ ಇನ್ಫರ್ಮೇಶನ್ ಕಿಟಕಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪುಟ ನೋಡಿ. ಅಲ್ಲಿ ಕಳೆದುಹೋದ ಫ್ರೇಮ್‌ಗಳ ಲೆಕ್ಕ ಇರುತ್ತದೆ, ಈ ವಿಂಗಡಣೆ ಇರುವುದಿಲ್ಲ.

ಟಾಸ್ಕ್ ಮ್ಯಾನೇಜರ್ ನೋಡುವಾಗ ಒಂದು ಮೋಸ ಇದೆ. ನಾಲ್ಕು ಕೋರ್‌ಗಳ ಪ್ರೊಸೆಸರ್‌ನಲ್ಲಿ ಒಂದೇ ಕೋರ್ ಪೂರ್ತಿ ದಣಿದಿದ್ದರೂ ಒಟ್ಟು ಬಳಕೆ ಶೇ. 25 ಎಂದೇ ಕಾಣಿಸುತ್ತದೆ. ಗ್ರಾಫಿನ ಮೇಲೆ ಬಲ ಕ್ಲಿಕ್ ಮಾಡಿ ಕೋರ್‌ಗಳನ್ನು ಬೇರೆ ಬೇರೆಯಾಗಿ ತೋರಿಸುವಂತೆ ಬದಲಿಸಿಕೊಳ್ಳಿ.

ಡಿಕೋಡಿಂಗ್: ಹೆಚ್ಚಿನ ದೋಷಗಳ ತವರು

1080ಪಿ ಎಚ್.264 ವಿಡಿಯೊವನ್ನು ಪ್ರೊಸೆಸರ್ ಒಂದೇ ಬಿಡಿಸಬೇಕಾದರೆ 3 ಗಿಗಾಹರ್ಟ್ಸ್ ಆಸುಪಾಸಿನ ಕೋರ್ 2 ಡ್ಯುಯೊ ಬಹುತೇಕ ಸಿನಿಮಾಗಳನ್ನು ನಿಭಾಯಿಸುತ್ತದೆ. 1.8 ಗಿಗಾಹರ್ಟ್ಸ್‌ನದು ಗಡಿಬಿಡಿಯ ದೃಶ್ಯದಲ್ಲಿ ಸೋಲುತ್ತದೆ. ಪೆಂಟಿಯಮ್ 4 ಆಗುವುದಿಲ್ಲ, ಅದರ ಮೇಲೆ ಶ್ರಮ ಹಾಕಬೇಡಿ; ಕೆಲಸ ಕಡಿಮೆ, ಬಿಸಿ ಜಾಸ್ತಿ. ಎರಡನೇ ಪೀಳಿಗೆಯ ನಾಲ್ಕು ಕೋರ್‌ಗಳ ಕೋರ್ ಐ5 ಪ್ರೊಸೆಸರ್ 1080ಪಿ ಎಚ್‌ಇವಿಸಿಯನ್ನೂ ತನ್ನ ಬಲದಿಂದಲೇ ಓಡಿಸುತ್ತದೆ, 4ಕೆ 10-ಬಿಟ್ ಎಚ್‌ಇವಿಸಿಗೆ ಮಾತ್ರ ಕೈಚೆಲ್ಲುತ್ತದೆ.

ಪ್ರೊಸೆಸರ್ ದುರ್ಬಲವಾಗಿದ್ದರೂ ಗ್ರಾಫಿಕ್ಸ್ ಚಿಪ್‌ನಲ್ಲಿ ಪ್ರತ್ಯೇಕ ಡಿಕೋಡರ್ ಇದ್ದರೆ ಕೆಲಸ ಸುಲಭ. ಯಾವುದರಲ್ಲಿ ಏನಿದೆ ಎಂಬುದನ್ನು ವರ್ಷದಿಂದ ಸ್ಥೂಲವಾಗಿ ಊಹಿಸಬಹುದು. ಇಂಟೆಲ್ ಜಿಎಂಎ 950, 3100 ಚಿಪ್‌ಗಳಲ್ಲಿ ಎಚ್.264 ಡಿಕೋಡರ್ ಇಲ್ಲ. 2008ರ ಜಿ45 ಚಿಪ್‌ಸೆಟ್‌ನ ಎಕ್ಸ್4500ಎಚ್‌ಡಿಯಲ್ಲಿ ಇದೆ, ಆದರೆ ವಿಂಡೋಸ್‌ನಲ್ಲಿ ಮಾತ್ರ. ಲಿನಕ್ಸ್‌ನ ಸಾಮಾನ್ಯ ಡ್ರೈವರ್ ಆ ಚಿಪ್‌ನಲ್ಲಿ ಎಂಪೆಗ್-2 ಒಂದನ್ನೇ ಬಿಡಿಸುತ್ತದೆ. 2011ರ ಎರಡನೇ ಪೀಳಿಗೆಯಿಂದ ಈಚಿನ ಕೋರ್ ಪ್ರೊಸೆಸರ್‌ಗಳಲ್ಲಿ ಎಚ್.264 ಬಗ್ಗೆ ಯೋಚನೆಯೇ ಬೇಡ. 8-ಬಿಟ್ ಎಚ್‌ಇವಿಸಿ ಬಂದದ್ದು ಆರನೇ ಪೀಳಿಗೆಯಲ್ಲಿ, 10-ಬಿಟ್ ಏಳನೆಯದರಲ್ಲಿ, ಎವಿ1 ಹನ್ನೊಂದನೆಯದರಲ್ಲಿ.

ಎನ್‌ವಿಡಿಯಾ, ಎಎಂಡಿ ಕಾರ್ಡ್‌ಗಳಲ್ಲಿ 2007ರಿಂದ ಈ ಸೌಲಭ್ಯ ಇದೆ, ಒಂದು ವಿಚಿತ್ರದೊಂದಿಗೆ. ಆ ಕಾಲದ ಕಡಿಮೆ ಬೆಲೆಯ ಜಿಫೋರ್ಸ್ 8600, ರೇಡಿಯಾನ್ ಎಚ್‌ಡಿ 2600 ಕಾರ್ಡ್‌ಗಳಲ್ಲಿ ಪೂರ್ಣ ಎಚ್.264 ಡಿಕೋಡರ್ ಇತ್ತು. ಅವುಗಳಿಗಿಂತ ಎಷ್ಟೋ ದುಬಾರಿಯಾದ ಜಿಫೋರ್ಸ್ 8800 ಜಿಟಿಎಕ್ಸ್ ಮತ್ತು ರೇಡಿಯಾನ್ ಎಚ್‌ಡಿ 2900ರಲ್ಲಿ ಇರಲಿಲ್ಲ. ಆಗ ದೊಡ್ಡ ಕಾರ್ಡ್ ಆಗಿತ್ತು ಎಂಬ ಕಾರಣಕ್ಕೆ ಅದನ್ನೇ ನಂಬಿಕೊಳ್ಳಬೇಡಿ.

ಚಿಪ್‌ನಲ್ಲಿ ಡಿಕೋಡರ್ ಇದ್ದೂ ಅದು ಸುಮ್ಮನೆ ಕೂತಿರುವುದು ಇನ್ನೂ ಸಾಮಾನ್ಯ. ಖಚಿತಪಡಿಸಿಕೊಳ್ಳಲು ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟದ ‘ವಿಡಿಯೊ ಡಿಕೋಡ್’ ಗ್ರಾಫ್ ನೋಡಿ. ಹಳೆಯ ಕಾರ್ಡ್‌ಗಳ ಡ್ರೈವರ್‌ಗೆ ಈ ಗ್ರಾಫ್ ಬರುವುದಿಲ್ಲ, ಆಗ ಜಿಪಿಯು-ಝಡ್ ತಂತ್ರಾಂಶದಲ್ಲಿ ವಿಡಿಯೊ ಎಂಜಿನ್ ಲೋಡ್ ನೋಡಬೇಕು. ಲಿನಕ್ಸ್‌ನಲ್ಲಿ ವಿಎಇನ್ಫೋ (vainfo) ಕಮಾಂಡ್ ಕೊಟ್ಟರೆ ಯಾವ ಯಾವ ಪ್ರೊಫೈಲ್‌ಗಳಿಗೆ ಬೆಂಬಲ ಇದೆ ಎಂಬ ಪಟ್ಟಿ ಬರುತ್ತದೆ. ಡಿಕೋಡರ್ ನಿಷ್ಕ್ರಿಯವಾಗಿದ್ದರೆ ಕಾರಣಗಳನ್ನು ಈ ಕ್ರಮದಲ್ಲಿ ಹುಡುಕಿ:

1. ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಹೆಸರಿನ ಜಾಗದಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದೆಯೇ? ಹಾಗಿದ್ದರೆ ಡ್ರೈವರೇ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿದ ಹಳೆಯ ಯಂತ್ರಗಳಲ್ಲಿ ಹೀಗಾಗುತ್ತದೆ. ಆ ಚಿಪ್‌ನ ವಿಂಡೋಸ್ 7 ಅಥವಾ 8ರ ಡ್ರೈವರ್ ಎಷ್ಟೋ ಸಲ 10ರಲ್ಲೂ ನಡೆಯುತ್ತದೆ.

2. ಪ್ಲೇಯರ್‌ನಲ್ಲಿ ಸೌಲಭ್ಯ ಆನ್ ಆಗಿದೆಯೇ? ಎಂಪಿವಿಯಲ್ಲಿ ಅದು ತಾನಾಗಿ ಆಫ್ ಇರುತ್ತದೆ. ಕಂಟ್ರೋಲ್ ಮತ್ತು ‘ಎಚ್’ ಕೀಗಳನ್ನು ಒಟ್ಟಿಗೆ ಒತ್ತಿ ನೋಡಿ. ಪ್ರೊಸೆಸರ್ ಬಳಕೆ ಧಡಕ್ಕನೆ ಇಳಿದರೆ ಕಾಯಿಲೆ ಸಿಕ್ಕಿತು, ಸೆಟಿಂಗ್ ಫೈಲಿನಲ್ಲಿ ಶಾಶ್ವತ ಮಾಡಿ. ವಿಎಲ್‌ಸಿಯಲ್ಲಿ ಪ್ರಿಫರೆನ್ಸಸ್‌ನ ಇನ್‌ಪುಟ್/ಕೋಡೆಕ್ಸ್ ಪುಟದಲ್ಲಿದೆ.

3. ಫೈಲ್ ಆ ಡಿಕೋಡರ್‌ನ ಮಿತಿಯೊಳಗಿದೆಯೇ? 10-ಬಿಟ್ ಎಚ್.264 ಆಗಿದ್ದರೆ ಈ ಕಾಲಮಾನದ ಯಾವ ಕಾರ್ಡಿನ ಡಿಕೋಡರೂ ಅದನ್ನು ಮುಟ್ಟುವುದಿಲ್ಲ. ಅನಿಮೆ ಫೈಲ್‌ಗಳಲ್ಲಿ ಇದು ಹೆಚ್ಚು. ಎಚ್.264 ಎಂದ ಮೇಲೆ ಓಡಲೇಬೇಕಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಎಡವುವುದು ಇಲ್ಲೇ. ಮತ್ತೊಂದು, ರೆಫರೆನ್ಸ್ ಫ್ರೇಮ್‌ಗಳು. ಹಳೆಯ ಡಿಕೋಡರ್‌ಗಳನ್ನು ಬ್ಲೂ-ರೇಗೆಂದು ಲೆವೆಲ್ 4.1ಕ್ಕೆ ಹೊಂದಿಸಿ ಮಾಡಿದ್ದು. 1080ಪಿಯಲ್ಲಿ ಆ ಲೆವೆಲ್‌ಗೆ 4 ರೆಫರೆನ್ಸ್ ಫ್ರೇಮ್ ಗರಿಷ್ಠ. ಲೆವೆಲ್ 5.1, 16 ಫ್ರೇಮ್ ಎಂದು ಮಾಡಿದ ಫೈಲನ್ನು ಕೆಲವು ಕಾರ್ಡ್‌ಗಳು ತಿರಸ್ಕರಿಸುತ್ತವೆ, ಕೆಲವು ಸ್ವೀಕರಿಸಿ ಚಿತ್ರದಲ್ಲಿ ಹಸಿರು, ಬೂದು ಚೌಕಗಳನ್ನು ಬಿಡುತ್ತವೆ.

4. ಲಿನಕ್ಸ್ ಆದರೆ ವಿತರಣೆಯೇ ಡಿಕೋಡರ್ ತೆಗೆದಿರಬಹುದು. ಫೆಡೋರಾ 2022ರಲ್ಲಿ ಪೇಟೆಂಟ್ ಕಾರಣಕ್ಕೆ ತನ್ನ ಮೆಸಾ (ಗ್ರಾಫಿಕ್ಸ್ ಡ್ರೈವರ್) ಪ್ಯಾಕೇಜ್‌ಗಳಿಂದ ಎಚ್.264, ಎಚ್‌ಇವಿಸಿ ವೇಗವರ್ಧನೆಯನ್ನು ಕೈಬಿಟ್ಟಿತು. ಎಎಂಡಿ ಕಾರ್ಡ್ ಇದ್ದವರು ಆರ್‌ಪಿಎಂ ಫ್ಯೂಶನ್ ಭಂಡಾರದಿಂದ ಪರ್ಯಾಯ ಪ್ಯಾಕೇಜ್ ಹಾಕಿಕೊಳ್ಳಬೇಕು. ಇಂಟೆಲ್ ಇದ್ದವರಿಗೆ ಎರಡು ಡ್ರೈವರ್‌ಗಳ ಗೊಂದಲ: ನಾಲ್ಕನೇ ಪೀಳಿಗೆಯವರೆಗೆ ಐ965, ಐದನೆಯದರಿಂದ ಮುಂದಕ್ಕೆ ಐಎಚ್‌ಡಿ.

ಚಿಪ್‌ನಲ್ಲಿ ಡಿಕೋಡರೇ ಇಲ್ಲ ಎಂದು ಸಾಬೀತಾದರೆ ಎರಡು ದಾರಿ. ಸಣ್ಣ ಗ್ರಾಫಿಕ್ಸ್ ಕಾರ್ಡ್ ಹಾಕುವುದು ಒಂದು. ಸಂಗ್ರಹದಲ್ಲಿರುವುದೆಲ್ಲ ಎಚ್.264 ಆದರೆ ರೇಡಿಯಾನ್ ಎಚ್‌ಡಿ 5450 ಅಥವಾ ಜಿಫೋರ್ಸ್ ಜಿಟಿ 710 ಸಾಕು, ಎರಡೂ 19 ವಾಟ್‌ನವು, ಫ್ಯಾನ್ ಇಲ್ಲದ ಮಾದರಿಗಳು ಸಿಗುತ್ತವೆ. 10-ಬಿಟ್ ಎಚ್‌ಇವಿಸಿ, ವಿಪಿ9 ಬೇಕಾದರೆ ಜಿಟಿ 1030. ಅದು 30 ವಾಟ್‌ನದು, ಪ್ರತ್ಯೇಕ ವಿದ್ಯುತ್ ಕನೆಕ್ಟರ್ ಬೇಡ, ಹಳೆಯ 250 ವಾಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ) ಕೂಡ ತಡೆದುಕೊಳ್ಳುತ್ತದೆ. ಅದರ ಡಿಡಿಆರ್4 ಮಾದರಿ ಗೇಮ್‌ಗೆ ನಿಧಾನ ಎಂಬ ದೂರು ನಿಜ, ಸಿನಿಮಾಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಕೊಳ್ಳುವ ಮೊದಲು ಕ್ಯಾಬಿನೆಟ್ ತೆಗೆದು ಮೂರು ಸಂಗತಿ ನೋಡಿ: ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದೆಯೇ (ತೀರಾ ಹಳೆಯದರಲ್ಲಿ ಎಜಿಪಿ ಇರುತ್ತದೆ, ಹೊಸ ಕಾರ್ಡ್ ಕೂರುವುದೇ ಇಲ್ಲ), ಕ್ಯಾಬಿನೆಟ್ ತೆಳುವಾಗಿದ್ದರೆ ಅರ್ಧ ಎತ್ತರದ ಪಟ್ಟಿ ಕಾರ್ಡಿನ ಜೊತೆ ಬರುತ್ತದೆಯೇ, ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಇತ್ತೀಚಿನದೇ. ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಬರುವ ಮುಂಚಿನ ಕೆಲವು ಬೋರ್ಡ್‌ಗಳು ಹೊಸ ಕಾರ್ಡ್ ಹಾಕಿದರೆ ಪರದೆಯನ್ನೇ ತೋರಿಸುವುದಿಲ್ಲ, ವಾಪಸ್ ಕೊಡುವ ಅವಕಾಶ ಇಟ್ಟುಕೊಂಡೇ ಕೊಳ್ಳಿ.

ಎರಡನೆಯದು, ಫೈಲನ್ನೇ ಬದಲಿಸುವುದು. ಬೇರೊಂದು ವೇಗದ ಕಂಪ್ಯೂಟರ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶ ಹಾಕಿ, ಎಚ್.264, 8-ಬಿಟ್, ಹೈ ಪ್ರೊಫೈಲ್, ಲೆವೆಲ್ 4.1, ಆರ್‌ಎಫ್ (ಗುಣಮಟ್ಟದ ಅಂಕಿ) 20 ಎಂದು ಕೊಟ್ಟು ಪರಿವರ್ತಿಸಿ. ಹತ್ತು ಹನ್ನೆರಡು ಸಿನಿಮಾ ಇದ್ದವರಿಗೆ ಇದೇ ಜಾಣತನ. ಇನ್ನೂರು ಇದ್ದರೆ ಕಾರ್ಡೇ ವಾಸಿ. ಎರಡೂ ಆಗದಿದ್ದಾಗ ಕಡೆಯ ಉಪಾಯ: ವಿಎಲ್‌ಸಿಯಲ್ಲಿ ಎಚ್.264ರ ಲೂಪ್ ಫಿಲ್ಟರ್ (ಚೌಕಗಳ ಅಂಚನ್ನು ನಯಗೊಳಿಸುವ ಹಂತ) ಬಿಟ್ಟುಬಿಡುವ ಆಯ್ಕೆಯನ್ನು ‘ಆಲ್’ ಮಾಡುವುದು. ಪ್ರೊಸೆಸರ್‌ನ ಹೊರೆ ಇಳಿಯುತ್ತದೆ, ಚಿತ್ರ ಸ್ವಲ್ಪ ಚೌಕ ಚೌಕವಾಗುತ್ತದೆ.

ಬ್ರೌಸರ್‌ನಲ್ಲಿ ಯೂಟ್ಯೂಬ್ ಮಾತ್ರ ತಡವರಿಸಿ ಡಿಸ್ಕಿನ ಫೈಲ್‌ಗಳು ಸರಿಯಾಗಿ ಓಡಿದರೆ, ಅದು ವಿಪಿ9 ಅಥವಾ ಎವಿ1 ಕಳಿಸುತ್ತಿದೆ. ಎಚ್.264 ಅನ್ನೇ ಕೇಳುವಂತೆ ಮಾಡುವ ಎಕ್ಸ್‌ಟೆನ್ಶನ್‌ಗಳಿವೆ, 1080ಪಿವರೆಗೆ ಅದರಿಂದ ಕೆಲಸ ಆಗುತ್ತದೆ.

4ಕೆ ಟಿವಿ ಒಡ್ಡುವ ಬಲೆ

ಡಿಕೋಡರ್‌ನಲ್ಲಿ ಒಂದೂ ಫ್ರೇಮ್ ಬಿದ್ದಿಲ್ಲ, ಔಟ್‌ಪುಟ್‌ನಲ್ಲಿ ರಾಶಿ ಬೀಳುತ್ತಿವೆ ಎಂದರೆ ಡೆಸ್ಕ್‌ಟಾಪ್‌ನ ರೆಸಲ್ಯೂಶನ್ ಎಷ್ಟಿದೆ ನೋಡಿ. ಹೊಸ 4ಕೆ ಟಿವಿಗೆ ಜೋಡಿಸಿದ ತಕ್ಷಣ ಹಳೆಯ ಕಾರ್ಡ್ ಟಿವಿ ಹೇಳಿದ್ದನ್ನು ನಂಬಿ 3840×2160ಕ್ಕೆ ಹೋಗುತ್ತದೆ. ಎಚ್‌ಡಿಎಂಐ 1.4ರ ಕಾರ್ಡಿಗೆ ಆ ಅಳತೆಯಲ್ಲಿ 30 ಹರ್ಟ್ಸ್‌ಗಿಂತ ಹೆಚ್ಚು ಸಾಧ್ಯವಿಲ್ಲ. ಮೌಸ್ ಬಾಣವೇ ಎಳೆದೆಳೆದು ಚಲಿಸುವುದು ಇದರ ಗುರುತು. ಮೇಲಿಂದ 1080ಪಿ ಚಿತ್ರವನ್ನು ನಾಲ್ಕು ಪಟ್ಟು ಪಿಕ್ಸೆಲ್‌ಗಳಿಗೆ ಹಿಗ್ಗಿಸುವ ಕೆಲಸವೂ ಆ ಬಡ ಚಿಪ್ ಮೇಲೆಯೇ ಬೀಳುತ್ತದೆ. ಡಿಸ್‌ಪ್ಲೇ ಸೆಟಿಂಗ್‌ನಲ್ಲಿ 1920×1080, 60 ಹರ್ಟ್ಸ್ ಎಂದು ಕಟ್ಟಿಹಾಕಿ. ಹಿಗ್ಗಿಸುವ ಕೆಲಸವನ್ನು ಟಿವಿ ಮಾಡಿಕೊಳ್ಳಲಿ, ಅದಕ್ಕೆಂದೇ ಅದರಲ್ಲಿ ಚಿಪ್ ಇದೆ.

ಮದರ್‌ಬೋರ್ಡ್‌ನ ಒಳ ಗ್ರಾಫಿಕ್ಸ್ ಬಳಸುವವರು ರ‍್ಯಾಮ್ ಎಷ್ಟಿದೆ ಎನ್ನುವುದಕ್ಕಿಂತ ಹೇಗೆ ಕೂತಿದೆ ಎಂದು ನೋಡಬೇಕು. ಅಂಥ ಚಿಪ್ ತನ್ನ ಚಿತ್ರಗಳನ್ನು ರ‍್ಯಾಮ್‌ನಲ್ಲೇ ಇಡುತ್ತದೆ. 4 ಜಿಬಿಯ ಒಂದೇ ಕಡ್ಡಿಗಿಂತ 2 ಜಿಬಿಯ ಎರಡು ಕಡ್ಡಿಗಳನ್ನು ಒಂದೇ ಬಣ್ಣದ ಸ್ಲಾಟ್‌ಗಳಲ್ಲಿ ಹಾಕಿದರೆ (ಬಣ್ಣದ ಪದ್ಧತಿ ಬೋರ್ಡಿನಿಂದ ಬೋರ್ಡಿಗೆ ಬೇರೆ, ಕೈಪಿಡಿ ನೋಡಿ) ಓಡಾಟದ ದಾರಿ ಇಮ್ಮಡಿ ಅಗಲವಾಗುತ್ತದೆ. ರ‍್ಯಾಮ್ ಬದಲಾವಣೆಯಿಂದ ಸಿನಿಮಾಗೆ ನಿಜವಾಗಿ ಪ್ರಯೋಜನ ಆಗುವುದು ಇಲ್ಲಿ ಮಾತ್ರ.

ಅಡ್ಡಡ್ಡ ಸೀಳಿದಂತೆ ಚಿತ್ರದ ಮೇಲರ್ಧ ಒಂದು ಕಡೆ, ಕೆಳಗರ್ಧ ಇನ್ನೊಂದು ಕಡೆ ಕಂಡರೆ ವಿ-ಸಿಂಕ್ (ಚಿತ್ರ ಬದಲಿಸುವುದನ್ನು ಪರದೆಯ ಲಯಕ್ಕೆ ಹೊಂದಿಸುವುದು) ಆಫ್ ಆಗಿದೆ. ವಿಂಡೋಸ್ 7ರಲ್ಲಿ ಏರೋ ಥೀಮ್ ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ. ಯಂತ್ರ ಹಗುರಾಗಲಿ ಎಂದು ಅದನ್ನು ಆಫ್ ಮಾಡಿದವರೇ ಈ ದೋಷವನ್ನು ತಂದುಕೊಳ್ಳುತ್ತಾರೆ.

ಫ್ರೇಮ್ ಬೀಳದೆ ಬರುವ ಜರ್ಕ್

ಸಿನಿಮಾಗಳು ಬಹುತೇಕ ಸೆಕೆಂಡಿಗೆ 23.976 ಫ್ರೇಮ್‌ನವು. 60 ಹರ್ಟ್ಸ್ ಪರದೆಯ ಮೇಲೆ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ತೋರಬೇಕಾಗುತ್ತದೆ. ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಈ ಅಸಮ ಹೆಜ್ಜೆ ಕಣ್ಣಿಗೆ ಬೀಳುತ್ತದೆ. 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ ಎರಡು ಸಲ ತೊಡರಿದಂತೆ ಕಾಣುತ್ತದೆ. ಟಿವಿ 24 ಹರ್ಟ್ಸ್ ಸ್ವೀಕರಿಸಿದರೆ ಕೋಡಿ ಎಂಬ ಮೀಡಿಯಾ ಪ್ಲೇಯರ್‌ನಲ್ಲಿ ಸೆಟಿಂಗ್ಸ್, ಪ್ಲೇಯರ್, ವಿಡಿಯೋಸ್ ಎಂದು ಹೋಗಿ ರಿಫ್ರೆಶ್ ದರ ಹೊಂದಿಸುವ ಆಯ್ಕೆಯನ್ನು ‘ಆನ್ ಸ್ಟಾರ್ಟ್/ಸ್ಟಾಪ್’ ಮಾಡಿ. ಈ ಆಯ್ಕೆ ಕಾಣದಿದ್ದರೆ ಸೆಟಿಂಗ್ ಮಟ್ಟವನ್ನು ‘ಬೇಸಿಕ್’‌ನಿಂದ ಮೇಲಕ್ಕೇರಿಸಿ.

ಇದಾದ ಮೇಲೂ ಸುಮಾರು 40 ಸೆಕೆಂಡಿಗೊಮ್ಮೆ ಒಂದೇ ಒಂದು ಸಣ್ಣ ತೊಡರು ಉಳಿದರೆ, ಕಾರ್ಡ್ ಕೊಡುತ್ತಿರುವುದು 23.976 ಅಲ್ಲ, ಸರಿಯಾಗಿ 24.000 ಹರ್ಟ್ಸ್. ಎರಡರ ವ್ಯತ್ಯಾಸ 0.024, 41.7 ಸೆಕೆಂಡಿಗೆ ಅದು ಪೂರ್ತಿ ಒಂದು ಫ್ರೇಮ್ ಆಗುತ್ತದೆ. ವಿಂಡೋಸ್ ಪಟ್ಟಿಯಲ್ಲಿ 23 ಮತ್ತು 24 ಎರಡೂ ಇದ್ದರೆ 23 ಎಂದಿರುವುದೇ 23.976. ಆ ಆಯ್ಕೆ ಇಲ್ಲದ ಕಾರ್ಡ್‌ಗಳಲ್ಲಿ ಕೋಡಿಯ ‘ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ’ ಆನ್ ಮಾಡಿದರೆ ಅದು ಧ್ವನಿಯ ವೇಗವನ್ನು ಕಿವಿಗೆ ಗೊತ್ತಾಗದಷ್ಟು ತಿದ್ದಿ ಸರಿದೂಗಿಸುತ್ತದೆ. ಆದರೆ ಧ್ವನಿಯನ್ನು ಡಿಕೋಡ್ ಮಾಡದೆ ಆಂಪ್ಲಿಫೈಯರ್‌ಗೆ ದಾಟಿಸುವವರಿಗೆ ಈ ಉಪಾಯ ಒದಗುವುದಿಲ್ಲ.

ಮನೆಯ ಕ್ಯಾಮ್‌ಕಾರ್ಡರ್‌ನಿಂದ ತೆಗೆದ ವಿಡಿಯೊಗಳ ಕತೆಯೇ ಬೇರೆ. ಹಳೆಯ ಎವಿಸಿಎಚ್‌ಡಿ ಕ್ಯಾಮೆರಾಗಳು 1080ಐ ದಾಖಲಿಸುತ್ತಿದ್ದವು, ಅಂದರೆ ಒಂದೊಂದು ಫ್ರೇಮ್ ಎರಡು ಬೇರೆ ಕ್ಷಣಗಳ ಅರ್ಧರ್ಧ ಗೆರೆಗಳಿಂದ ಆದದ್ದು. ಓಡುವ ಮಗುವಿನ ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಡಿಇಂಟರ್‌ಲೇಸಿಂಗ್ (ಆ ಅರ್ಧರ್ಧ ಗೆರೆಗಳನ್ನು ಪೂರ್ಣ ಚಿತ್ರ ಮಾಡುವುದು) ಆಗುತ್ತಿಲ್ಲ. ಎಂಪಿವಿ ಮತ್ತು ವಿಎಲ್‌ಸಿ ಎರಡರಲ್ಲೂ ‘ಡಿ’ ಕೀ ಒತ್ತಿದರೆ ಆನ್ ಆಗುತ್ತದೆ. ವಿಎಲ್‌ಸಿಯಲ್ಲಿ ವಿಧಾನವನ್ನು ‘ಯಾಡಿಫ್ (2ಎಕ್ಸ್)’ ಆರಿಸಿ. ಬರೀ ‘ಯಾಡಿಫ್’ ಸೆಕೆಂಡಿಗೆ 50 ಚಲನೆಗಳನ್ನು 25ಕ್ಕೆ ಇಳಿಸಿ ಜೀವಂತಿಕೆ ಕಳೆಯುತ್ತದೆ. ಈ ಫಿಲ್ಟರ್ ಪ್ರೊಸೆಸರ್ ಮೇಲೆ ಓಡುವುದರಿಂದ ಹಳೆಯ ಯಂತ್ರದಲ್ಲಿ ಹೊರೆಯಾದರೆ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಇಟ್ಟು ಗ್ರಾಫಿಕ್ಸ್ ಡ್ರೈವರ್‌ನ ಡಿಇಂಟರ್‌ಲೇಸಿಂಗನ್ನೇ ಬಳಸಿ. 25 ಅಥವಾ 50 ಫ್ರೇಮ್‌ನ ಇಂಥ ವಿಡಿಯೊಗೆ ಟಿವಿ 50 ಹರ್ಟ್ಸ್‌ನಲ್ಲಿರಬೇಕು. 60ರಲ್ಲಿ ಎಷ್ಟು ತಿಣುಕಿದರೂ ಸರಾಗವಾಗದು.

ಇದೇ ಕ್ಯಾಮೆರಾಗಳ ಉದ್ದದ ದಾಖಲೆಗಳು ಮಧ್ಯೆ ಒಂದು ಕಡೆ ಅರೆಕ್ಷಣ ಕಡಿದಂತಾಗಿ, ಒಂದು ಪದ ನುಂಗಿಹೋಗುತ್ತದೆ. ಅದು ಕಂಪ್ಯೂಟರ್‌ನ ದೋಷವಲ್ಲ. ಮೆಮೊರಿ ಕಾರ್ಡಿನ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಹಾಗಾಗಿ ಕ್ಯಾಮೆರಾ ತುಂಡು ಮಾಡಿ ಬರೆಯುತ್ತದೆ. ತುಂಡುಗಳನ್ನು ಒಂದೊಂದಾಗಿ ಪರಿವರ್ತಿಸಿ ಆಮೇಲೆ ಅಂಟಿಸಿದರೆ ಆ ಗಾಯ ಉಳಿಯುತ್ತದೆ. ಮೊದಲು ಮೂಲ ಎಂಟಿಎಸ್ ಫೈಲ್‌ಗಳನ್ನು ಇದ್ದ ಹಾಗೆಯೇ ಕ್ರಮವಾಗಿ ಜೋಡಿಸಿ, ನಂತರ ಬೇಕಾದರೆ ಪರಿವರ್ತಿಸಿ.

ಬಿಸಿ ಮತ್ತು ವಿದ್ಯುತ್

ಸಿನಿಮಾದ ಮಧ್ಯಂತರದ ಹೊತ್ತಿಗೆ ಶುರುವಾಗುವ ತಡವರಿಕೆಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಧೂಳು ಮತ್ತು ಒಣಗಿದ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ). ಎಚ್‌ಡಬ್ಲ್ಯುಇನ್ಫೋದಂಥ ತಂತ್ರಾಂಶದಲ್ಲಿ ಪ್ರೊಸೆಸರ್‌ನ ತಾಪ ಮತ್ತು ಗಡಿಯಾರ ವೇಗ ಎರಡನ್ನೂ ಒಟ್ಟಿಗೆ ನೋಡಿ. ತಾಪ ಏರುತ್ತ ಹೋಗಿ, ಕೆಲಸ ಹೆಚ್ಚಿದ್ದಾಗಲೇ ವೇಗ ಇಳಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ನಿಧಾನವಾಗುತ್ತಿದೆ. ಸಿನಿಮಾ ಓಡುವಾಗ 70 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ. 90ರ ಹತ್ತಿರ ಹೋದರೆ ಕ್ಯಾಬಿನೆಟ್ ಬಿಚ್ಚಿ.

ಬ್ರಷ್ ಮತ್ತು ಬ್ಲೋಯರ್‌ನಿಂದ ಧೂಳು ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ಎತ್ತುವ ಮೊದಲು ಕಂಪ್ಯೂಟರನ್ನು ಕೆಲವು ನಿಮಿಷ ಓಡಿಸಿ ಪೇಸ್ಟ್ ಮೆದುವಾಗಲು ಬಿಡಿ, ಆಮೇಲೆ ಆಫ್ ಮಾಡಿ, ತಂತಿ ಕಿತ್ತು, ಸ್ವಲ್ಪ ತಿರುಚುತ್ತ ಎತ್ತಿ. ಹಳೆಯ ಎಎಂಡಿ ಸಾಕೆಟ್‌ಗಳಲ್ಲಿ ಸೀದಾ ಎಳೆದರೆ ಪ್ರೊಸೆಸರೇ ಕಿತ್ತುಬಂದು ಪಿನ್‌ಗಳು ಬಾಗುತ್ತವೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅಕ್ಕಿ ಕಾಳಿನಷ್ಟು ಹೊಸದು ಹಾಕಿ. ಇಂಟೆಲ್‌ನ ನಾಲ್ಕು ಒತ್ತುಪಿನ್‌ಗಳನ್ನು ಎದುರುಬದುರಾಗಿ ಎರಡೆರಡು ಒತ್ತಿ, ನಾಲ್ಕೂ ‘ಟಕ್’ ಎನ್ನಬೇಕು. ಬೋರ್ಡಿನ ಹಿಂಬದಿಯಿಂದ ನೋಡಿ ಖಚಿತ ಮಾಡಿಕೊಳ್ಳಿ: ಒಂದು ಪಿನ್ ಕೂರದೆ ಹೀಟ್‌ಸಿಂಕ್ ಓರೆಯಾಗಿ ನಿಂತರೆ ಸ್ವಚ್ಛ ಮಾಡುವ ಮುಂಚಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಬಿಚ್ಚಿದ್ದಾಗಲೇ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ನೆತ್ತಿ ನೋಡಿ. ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ಆ ಬೋರ್ಡಿಗೆ ಹೊಸ ಕಾರ್ಡ್ ಕೊಳ್ಳುವುದು ವ್ಯರ್ಥ. 2000ದ ದಶಕದ ಮೊದಲ ಭಾಗದ ಬೋರ್ಡ್‌ಗಳಲ್ಲಿ ಇದು ವ್ಯಾಪಕವಾಗಿತ್ತು. ತಡವರಿಸದೆ ಯಂತ್ರ ನೇರ ರೀಸ್ಟಾರ್ಟ್ ಆಗುತ್ತಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನಪಡಿ. ಸಿನಿಮಾ ಓಡುತ್ತಿರುವಾಗ, ಬಳಸದ ನಾಲ್ಕು ಪಿನ್‌ನ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ತಂತಿಯ ನಡುವೆ ಮಲ್ಟಿಮೀಟರ್ ಹಿಡಿದರೆ 11.4ರಿಂದ 12.6 ವೋಲ್ಟ್, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಹೊರಗಿದ್ದರೆ ಎಸ್‌ಎಂಪಿಎಸ್ ಬದಲಿಸಿ. ಅದರ ಡಬ್ಬಿ ಬಿಚ್ಚಿ ರಿಪೇರಿಗೆ ಇಳಿಯಬೇಡಿ, ತಂತಿ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳು ಅಪಾಯಕಾರಿ ವೋಲ್ಟೇಜ್ ಹಿಡಿದಿಟ್ಟಿರುತ್ತವೆ.

ಓದುವ ದಾರಿ

ಇಲ್ಲಿ ಪರೀಕ್ಷೆ ಸರಳ: ಅದೇ ಫೈಲನ್ನು ಬೇರೆ ಡಿಸ್ಕಿಗೆ ನಕಲಿಸಿ ಓಡಿಸಿ. ಸರಿಹೋದರೆ ಮೊದಲಿನ ದಾರಿಯೇ ಕೆಟ್ಟಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ಪಟ್ಟಿ ತೆಗೆಯಿರಿ. ಹಲವು ತಂತ್ರಾಂಶಗಳು ಸಾಲಿನ ಸಂಖ್ಯೆಯನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುತ್ತವೆ, ಆಗ 197 ‘ಸಿ5’ ಎಂದೂ 199 ‘ಸಿ7’ ಎಂದೂ ಇರುತ್ತದೆ. 5 ಮತ್ತು 197ನೇ ಸಾಲಿನ ಮೂಲ ಅಂಕಿ ಸೊನ್ನೆ ದಾಟಿ ಏರುತ್ತಿದ್ದರೆ ಡಿಸ್ಕಿನ ಮೇಲ್ಮೈ ಸಾಯುತ್ತಿದೆ, ಮನೆಯ ವಿಡಿಯೊಗಳನ್ನು ಅಂದೇ ಬೇರೆಡೆಗೆ ಸಾಗಿಸಿ. 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಸರಿಯಿದೆ, ಸಾಟಾ ಕೇಬಲ್ ಕೆಟ್ಟಿದೆ. ಕೇಬಲ್ ಬದಲಿಸಿದ ಮೇಲೆ ಆ ಅಂಕಿ ಇಳಿಯುವುದಿಲ್ಲ, ಏರುವುದು ನಿಲ್ಲುತ್ತದೆ.

ಅಗಲ ಪಟ್ಟಿ ಕೇಬಲ್‌ನ ಐಡಿಇ ಡಿಸ್ಕ್ ಮತ್ತು ಹಳೆಯ ವಿಂಡೋಸ್ ಇದ್ದಲ್ಲಿ ಮತ್ತೊಂದು ಬೇನೆ: ದೋಷಗಳು ಮರುಕಳಿಸಿದರೆ ವಿಂಡೋಸ್ ಆ ಚಾನೆಲ್ಲನ್ನು ಡಿಎಂಎಯಿಂದ (ಪ್ರೊಸೆಸರ್‌ಗೆ ಹೊರೆಯಾಗದ ರವಾನೆ) ಪಿಐಒಗೆ (ಪ್ರೊಸೆಸರ್ ಮೂಲಕವೇ ಆಗುವ ರವಾನೆ) ಇಳಿಸಿ ಅಲ್ಲೇ ಬಿಡುತ್ತದೆ. ಆಗ ಫೈಲ್ ಓದುವುದಕ್ಕೇ ಪ್ರೊಸೆಸರ್ ಸುಸ್ತಾಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಐಡಿಇ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಮತ್ತೆ ಡಿಎಂಎಗೆ ಬರುತ್ತದೆ. ಕೇಬಲ್ ಬದಲಿಸದಿದ್ದರೆ ಅದೇ ಕತೆ ಮತ್ತೆ.

ಜಾಲದ ಮೂಲಕ ಓಡಿಸುವವರಿಗೆ 100 ಮೆಗಾಬಿಟ್ ತಂತಿ ಬ್ಲೂ-ರೇ ಮಟ್ಟದ ಫೈಲಿಗೂ ಸಾಕು. ಹಳೆಯ 54 ಮೆಗಾಬಿಟ್ ವೈ-ಫೈ ಕಾರ್ಡ್ ನಿಜದಲ್ಲಿ 20-25 ಕೊಡುವುದೇ ಹೆಚ್ಚು, ಅದು ಸಾಲದು.

ಧ್ವನಿ

ಹಾಡು, ಹಿನ್ನೆಲೆ ಸಂಗೀತ ಜೋರಾಗಿ ಕೇಳಿ ಮಾತು ಮಾತ್ರ ಪಿಸುಗುಟ್ಟಿದಂತಿದ್ದರೆ, ವಿಂಡೋಸ್‌ನ ಸ್ಪೀಕರ್ ಸೆಟಿಂಗ್ 5.1 (ಆರು ಚಾನೆಲ್) ಆಗಿದ್ದು ಟಿವಿಯಲ್ಲಿ ಇರುವುದು ಎರಡೇ ಸ್ಪೀಕರ್. ಸಂಭಾಷಣೆ ಇರುವ ಮಧ್ಯದ ಚಾನೆಲ್‌ಗೆ ಹೋಗಲು ಜಾಗವಿಲ್ಲ. ‘ಸ್ಟೀರಿಯೊ’ ಮಾಡಿ, ಪ್ಲೇಯರ್ ಅದನ್ನು ಎರಡರಲ್ಲಿ ಬೆರೆಸುತ್ತದೆ. ಕೆಲವು ಫೈಲ್‌ಗಳಲ್ಲಿ ಧ್ವನಿಯೇ ಇಲ್ಲದಿದ್ದರೆ ಪಾಸ್‌ಥ್ರೂ (ಧ್ವನಿಯನ್ನು ಡಿಕೋಡ್ ಮಾಡದೆ ದಾಟಿಸುವುದು) ಆಫ್ ಮಾಡಿ: ಕಚ್ಚಾ ಡಿಟಿಎಸ್ ಧ್ವನಿ ಅನೇಕ ಟಿವಿಗಳಿಗೆ ಅರ್ಥವಾಗುವುದಿಲ್ಲ.

ಡಿವಿಐನಿಂದ ಎಚ್‌ಡಿಎಂಐಗೆ ಪರಿವರ್ತಕ ಹಾಕಿದವರು ಟಿವಿಯಲ್ಲಿ ಧ್ವನಿ ನಿರೀಕ್ಷಿಸುವಂತಿಲ್ಲ, ಡಿವಿಐ ಸಾಮಾನ್ಯವಾಗಿ ಚಿತ್ರವನ್ನಷ್ಟೇ ಒಯ್ಯುತ್ತದೆ. ಜಿಫೋರ್ಸ್ 8, 9 ಸರಣಿಯ ಕಾರ್ಡ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯಿದ್ದರೂ ಧ್ವನಿ ಬರಲು ಮದರ್‌ಬೋರ್ಡ್‌ನ ಎಸ್‌ಪಿಡಿಐಎಫ್ (ಡಿಜಿಟಲ್ ಧ್ವನಿ) ಪಿನ್‌ಗಳಿಂದ ಕಾರ್ಡಿಗೆ ಎರಡೆಳೆಯ ಸಣ್ಣ ತಂತಿ ಬೇಕಿತ್ತು. ಕಾರ್ಡ್ ಕೈ ಬದಲಾಯಿಸುವಾಗ ಕಳೆದುಹೋಗುವುದು ಆ ತಂತಿಯೇ. ಟಿವಿ ಆಫ್ ಮಾಡಿ ಆನ್ ಮಾಡಿದ ಮೇಲೆ ಧ್ವನಿ ಮಾಯವಾದರೆ ವಿಂಡೋಸ್ ಡಿಫಾಲ್ಟ್ ಸಾಧನವನ್ನು ಬದಲಿಸಿಕೊಂಡಿದೆ. ಬಳಸದ ಅನಲಾಗ್ ಔಟ್‌ಪುಟ್‌ಗಳನ್ನು ಸೌಂಡ್ ಪಟ್ಟಿಯಲ್ಲಿ ಡಿಸೇಬಲ್ ಮಾಡಿ, ಮೊದಲು ಟಿವಿ, ಆಮೇಲೆ ಕಂಪ್ಯೂಟರ್ ಆನ್ ಮಾಡುವ ರೂಢಿ ಇಟ್ಟುಕೊಳ್ಳಿ.

ತುಟಿ ಒಂದು ಕಡೆ ಮಾತು ಇನ್ನೊಂದು ಕಡೆ ಆದರೆ, ಎಲ್ಲ ಫೈಲ್‌ಗಳಲ್ಲೂ ಒಂದೇ ಅಂತರವಿದೆಯೇ ನೋಡಿ. ಇದ್ದರೆ ಟಿವಿಯ ಚಿತ್ರ ಸಂಸ್ಕರಣೆ ತಡಮಾಡುತ್ತಿದೆ: ಟಿವಿಯಲ್ಲಿ ಗೇಮ್ ಮೋಡ್ ಆರಿಸಿ, ಇಲ್ಲವೇ ವಿಎಲ್‌ಸಿಯಲ್ಲಿ ‘ಜೆ’, ‘ಕೆ’ ಕೀಗಳಿಂದ 50 ಮಿಲಿಸೆಕೆಂಡ್‌ನಂತೆ ಹಿಂದೆ ಮುಂದೆ ಮಾಡಿ. ಸಿನಿಮಾ ಸಾಗಿದಂತೆ ಅಂತರ ಬೆಳೆಯುತ್ತಿದ್ದರೆ ಇದರಿಂದ ಆಗದು, ಮತ್ತೆ ಡಿಕೋಡಿಂಗ್ ಅಂಕಿಗಳಿಗೆ ಹಿಂದಿರುಗಿ.

ಬಣ್ಣ, ಅಂಚು, ಬಯೋಸ್

ಕಪ್ಪು ಬೂದಿ ಬಣ್ಣಕ್ಕೆ ತಿರುಗಿದ್ದರೆ ಅಥವಾ ಕತ್ತಲಿನ ವಿವರಗಳೆಲ್ಲ ಮುಳುಗಿದ್ದರೆ ಕಾರ್ಡ್ ಮತ್ತು ಟಿವಿ ಹೊಳಪಿನ ಬೇರೆ ಬೇರೆ ವ್ಯಾಪ್ತಿಯಲ್ಲಿವೆ: ಒಂದು 16ರಿಂದ 235, ಇನ್ನೊಂದು 0ಯಿಂದ 255. ಡ್ರೈವರ್‌ನಲ್ಲೂ ಟಿವಿಯ ‘ಬ್ಲ್ಯಾಕ್ ಲೆವೆಲ್’ ಆಯ್ಕೆಯಲ್ಲೂ ಒಂದನ್ನೇ ಕೊಡಿ. ಚಿತ್ರದ ಅಂಚು ಕತ್ತರಿಸಿಹೋಗಿದ್ದರೆ ಟಿವಿಯಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಆರಿಸಿ. ಅದಕ್ಕೆ ವಿರುದ್ಧವಾಗಿ ಸುತ್ತ ಕಪ್ಪು ಚೌಕಟ್ಟು ಬಂದರೆ ಎಎಂಡಿ ಡ್ರೈವರ್‌ನ ಸ್ಕೇಲಿಂಗ್ ಪಟ್ಟಿಯನ್ನು ಸೊನ್ನೆಗೆ ಎಳೆಯಿರಿ.

ಕಡೆಯದಾಗಿ, ನಿನ್ನೆ ಚೆನ್ನಾಗಿದ್ದ ಯಂತ್ರ ಇಂದು ವಿಂಡೋಸ್‌ಗೇ ಹೋಗದೆ ನೀಲಿ ಪರದೆ ತೋರಿಸಿ, ಗಡಿಯಾರದಲ್ಲಿ ಎಷ್ಟೋ ವರ್ಷ ಹಿಂದಿನ ದಿನಾಂಕ ಇದ್ದರೆ ಸಿಮೋಸ್ ಬ್ಯಾಟರಿ (ಬಯೋಸ್‌ನ ಸೆಟಿಂಗ್ ಮತ್ತು ಗಡಿಯಾರವನ್ನು ಉಳಿಸುವ ಸೆಲ್) ಸತ್ತಿದೆ. ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡುವ ಟಿವಿ ಬದಿಯ ಯಂತ್ರಗಳಲ್ಲಿ ಇದು ಬೇಗ ಬಯಲಾಗುತ್ತದೆ. ಬಯೋಸ್ ತನ್ನ ಮೂಲ ಸ್ಥಿತಿಗೆ ಮರಳಿ ಸಾಟಾ ಕ್ರಮ ಎಎಚ್‌ಸಿಐನಿಂದ ಐಡಿಇಗೆ ಹೋಗಿರುತ್ತದೆ. ಡಿಸ್ಕ್ ಕೆಟ್ಟಿತೆಂದು ಫಾರ್ಮ್ಯಾಟ್ ಮಾಡಬೇಡಿ. ಹೊಸ ಸಿಆರ್2032 ಸೆಲ್ ಹಾಕಿ, ಬಯೋಸ್‌ನಲ್ಲಿ ಸಾಟಾ ಕ್ರಮ, ಬೂಟ್ ಆಗುವ ಡಿಸ್ಕ್, ಮೊದಲ ಗ್ರಾಫಿಕ್ಸ್ ಯಾವುದು ಎಂಬ ಮೂರನ್ನು ಮತ್ತೆ ಕೊಟ್ಟು, ಆ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ.